ಬುಟ್ಟಿಯೊಳಗಿನ ಮನೆ

ನಾಯಿಯು ಮನೆಯವರನ್ನು ನಂಬುವುದು, ಬೆಕ್ಕು ಮನೆಯನ್ನು ನಂಬುವುದು ಎಂದು ಹಿರಿಯರು ಹೇಳುವುದುಂಟು. 1964ರಲ್ಲಿ ಅಡಿಗಲ್ಲು ಬಿದ್ದು 2005ರಲ್ಲಿ ಮುಗಿದ ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಜನರು ನವನಗರಕ್ಕೆ ತೆರಳಿದ ಕಾಲದಲ್ಲಿ, ನಮ್ಮ ಬಂಧುಗಳೊಬ್ಬರ ಬೆಕ್ಕು ಮೂರು ಸಲ ಬಿಟ್ಟ ಮನೆಗೇ ಹಿಂದಿರುಗಿದುದನ್ನು ನಾವೇ ಕಂಡಿದ್ದೆವು. ಆದುದರಿಂದ ಕಳೆದ ವರ್ಷ ಬೇವೂರಿನ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಮಗನ ಬಳಿಗೆ ಹೊರಡಬೇಕಾಗಿ ಬಂದಾಗ, ಚಿಂಗಿ ರಂಗಿಯೆಂಬ ನಮ್ಮ ಎರಡು ಬೆಕ್ಕುಗಳನ್ನು ನೆರೆಮನೆಗೆ ಒಪ್ಪಿಸುವುದೇ ಲೇಸೆಂದು ಬಗೆದೆವು. ಗೃಹಿಣಿಯು ಮಾತ್ರ, “ಅವನ್ನ ಬಿಟ್ಟು ನಾ ಹೊಸ್ತಲಾ ದಾಟಂಗಿಲ್ರಿ” ಎಂದುಬಿಟ್ಟಳು.

ಬಾಗಲಕೋಟೆಯಿಂದ ಬೆಂಗಳೂರಿಗೆ ರೈಲುಂಟು. ಆದರೆ ಸಾಕಿದ ಪ್ರಾಣಿಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕಾದರೆ ಮೊದಲನೆಯ ದರ್ಜೆಯ ಕೋಣೆಯೊಂದನ್ನು ಪೂರ್ತಿಯಾಗಿ ಕಾಯ್ದಿರಿಸಬೇಕು. ಇಲ್ಲವಾದರೆ ಅದು ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಇರುಳು ಕಳೆಯಬೇಕು. ಮೊದಲನೆಯದಕ್ಕೆ ಪೆನ್ಶನ್ನು ಒಪ್ಪಲಿಲ್ಲ, ಎರಡನೆಯದಕ್ಕೆ ಮನಸ್ಸು ಒಪ್ಪಲಿಲ್ಲ. ಬಾಡಿಗೆಯ ಮೋಟಾರನ್ನು ಗೊತ್ತುಮಾಡಿದೆವು.

ಶ್ರೀವೈಷ್ಣವರಲ್ಲಿ ಮರ್ಕಟಕಿಶೋರ, ಮಾರ್ಜಾರಕಿಶೋರ ಎಂದು ಎರಡು ನ್ಯಾಯಗಳುಂಟು. ಮಂಗನ ಮರಿ ತಾನೇ ತಾಯಿಯನ್ನು ಬಿಗಿಹಿಡಿಯಬೇಕು. ಬೆಕ್ಕಿನ ಮರಿಯಾದರೋ ತಾಯಿಯ ಬಾಯಲ್ಲಿ ಜೋತುಬಿದ್ದಿದ್ದರೆ ಸಾಕು. ಇದನ್ನು ಎಷ್ಟೋ ವರ್ಷ ಮಕ್ಕಳಿಗೆ ಬೋಧಿಸಿದ ನಾವು, ಚಿಂಗಿಯ ಕತ್ತಿಗೆ ಕೈಹಾಕಿ ಬುಟ್ಟಿಗಿಳಿಸಹೋದಾಗ ಮುಂಗೈ ತುಂಬ ಗೀರುಗಳನ್ನು ಪಡೆದೆವು. ಮರಿಯ ನ್ಯಾಯವು ಬಲಿತ ಬೆಕ್ಕಿಗೆ ಸಲ್ಲದು!

ಹೊರಡುವ ಮುನ್ನ ಹೊಟ್ಟೆ ತುಂಬ ಹಾಲನ್ನ ಹಾಕಿದುದು ನಮ್ಮ ಮೊದಲನೆಯ ತಪ್ಪು. ಹುನಗುಂದ ದಾಟುವುದರೊಳಗೆ ಎರಡೂ ಕಕ್ಕಿಕೊಂಡವು. ದೂರ ಪ್ರಯಾಣಕ್ಕೆ ಮುಂಚೆ ಕೆಲವು ತಾಸು ಬರಿಹೊಟ್ಟೆಯೇ ಹಿತ. ನೀರು ಮಾತ್ರ ಇಡಬೇಕು. ಇಳಕಲ್, ಕುಷ್ಟಗಿಗಳನ್ನು ಕಳೆದು ಹೊಸಪೇಟೆಯ ಆಚೆ ಮರದ ನೆರಳಿನಲ್ಲಿ ನಿಂತಾಗ, ಗಾಳಿಯಾಡಲೆಂದು ಮುಚ್ಚಳ ಸಡಿಲಿಸಿದುದು ಎರಡನೆಯ ತಪ್ಪು. ರಂಗಿಯು ಚಂಗನೆ ಹಾರಿ ಜಾಲಿಯ ಪೊದೆಗಳಲ್ಲಿ ಮಾಯವಾಯಿತು.

ಕರೆದೆವು, ಹುಡುಕಿದೆವು. ಡ್ರೈವರನು ಗಡಿಯಾರ ನೋಡತೊಡಗಿದನು. ಒಂದು ಬೆಕ್ಕಿಗಾಗಿ ಎಷ್ಟು ಹೊತ್ತು ನಿಲ್ಲುವುದೆಂದು ಕೇಳಹೋದ ನಾವು ಗೃಹಿಣಿಯ ಮುಖವನ್ನು ಕಂಡು ಸುಮ್ಮನಾದೆವು. ಮೂವತ್ತೈದು ವರ್ಷ ಬಾಳಿದ ಮನೆಗೆ ಬೀಗ ಹಾಕುವಾಗ ಅಳದವಳು ಅಲ್ಲಿ ಅಳುತ್ತಿದ್ದಳು. ರಂಗಿಯ ಬುಟ್ಟಿಯಲ್ಲಿದ್ದ ತನ್ನ ಹಳೆಯ ಇಳಕಲ್ ಸೀರೆಯನ್ನು ನೆಲಕ್ಕೆ ಹಾಸಿ, ಅದರ ಅಂಚಿನಲ್ಲಿ ಮಾತಿಲ್ಲದೆ ಕುಳಿತಳು. ಒಂದೂವರೆ ತಾಸಿನ ಮೇಲೆ ರಂಗಿಯು ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ತೆವಳುತ್ತ ಬಂದು, ಕೆಂಪು ಸೆರಗಿಗೆ ಕೆನ್ನೆ ಉಜ್ಜಿತು.

ಬೆಕ್ಕಿನ ಕೆನ್ನೆಯಲ್ಲಿ ಗಂಧಗ್ರಂಥಿಗಳಿರುವುವು. ಕಂಬಕ್ಕೆ, ಬಾಗಿಲಿಗೆ, ನಮ್ಮ ಕಾಲಿಗೆ ಅದು ಕೆನ್ನೆಯುಜ್ಜುವುದು ತನ್ನವೆಂಬ ಗುರುತು ಹಚ್ಚುವುದಕ್ಕೆ. ಹಾಗಾದರೆ ಅದು ನಂಬಿದುದು ಬರಿಯ ಗೋಡೆಗಳನ್ನಲ್ಲ, ಪರಿಚಯದ ಗಂಧವನ್ನು. ಗೋಡೆಗಳನ್ನು ಹೊತ್ತೊಯ್ಯಲಾಗದು, ಗಂಧವನ್ನು ಒಯ್ಯಬಹುದು.

ಬೆಂಗಳೂರಿನಲ್ಲಿ ಆ ಸೀರೆಯನ್ನು ಒಗೆಯದೆ ಒಂದು ಕೋಣೆಯಲ್ಲಿ ಹಾಸಿ, ಮೂರು ವಾರ ಎರಡನ್ನೂ ಅಲ್ಲಿಯೇ ಇರಿಸಿದೆವು. ಅನಂತರ ಮೆಲ್ಲಗೆ ಮನೆಯೆಲ್ಲವನ್ನೂ ತೋರಿಸಿದೆವು. ಈಗ ಅವು ಕಿಟಕಿಯ ಬಿಸಿಲಿನಲ್ಲಿ ನಿಶ್ಚಿಂತೆಯಿಂದ ಮಲಗುವುವು. ನಾವು ಮಾತ್ರ ನಡುರಾತ್ರಿ ಎದ್ದರೆ ಬೇವೂರಿನ ಬಾಗಿಲಿದ್ದ ದಿಕ್ಕಿಗೇ ನಡೆಯುವೆವು. ಕೈಗೆ ಗೋಡೆ ತಾಗುವುದು. ಆಗ ಕತ್ತಲೆಯಲ್ಲಿ, “ಬಾಗಲಾ ಈ ಕಡೆ ಐತ್ರಿ” ಎಂಬ ಗೃಹಿಣಿಯ ದನಿಯು ಕೇಳಿಬರುವುದು.