ಮೊರಬದಲ್ಲಿ ಅಣಬೆ ಪಲ್ಯ

ಹೋದ ಮಳೆಗಾಲದಲ್ಲಿ ಆರನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ನಮ್ಮೂರು ಮೊರಬಕ್ಕೆ ಹೋಗಿದ್ದೆ. ನವಲಗುಂದ ತಾಲೂಕಿನ ಮೊರಬ ಎರೆಭೂಮಿಯ ಊರು. ಮಳೆ ಬಿತ್ತೆಂದರೆ ಕರಿಮಣ್ಣು ಹಿಡಿದ ಚಪ್ಪಲಿಯನ್ನು ಬಿಡುವುದಿಲ್ಲ. ಹೊಲದ ತುಂಬ ಹೆಸರಿನ ಬೆಳೆ ಹಸಿರಾಗಿ ನಿಂತಿತ್ತು.

ಹಿತ್ತಲಿನ ತಿಪ್ಪೆಯ ಪಕ್ಕದಿಂದ ಮೊಮ್ಮಗಳು ಕೂಗಿದಳು: "ಅಜ್ಜಾ, ಅಣಬಿ! ಪಲ್ಯ ಮಾಡೂಣೇನು?"

ಅಂಗೈ ಅಗಲದ ನಾಲ್ಕು ಬಿಳಿ ಛತ್ರಿಗಳು ಎದ್ದಿದ್ದವು. ನೋಡಲು ಚೆಂದವೇ. ಆದರೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ದಿನ, ಸಹಿ ತಾಳೆಯಾಗದ ಚೆಕ್ಕಿಗೆ ನಾನು ಒಂದು ರೂಪಾಯಿಯನ್ನೂ ಕೊಟ್ಟವನಲ್ಲ. ಈ ಅಣಬೆಯ ಸಹಿ ನನಗೆ ಗೊತ್ತಿರಲಿಲ್ಲ. "ಬ್ಯಾಡವ್ವಾ" ಎಂದೆ.

ನಮ್ಮ ಅಜ್ಜಿಗೆ ಗೊತ್ತಿತ್ತು. ಆಕೆಯ ತವರು ಕಲಘಟಗಿ ಕಡೆ, ಕಾಡಿನ ಅಂಚಿನ ಊರು. ಮಳೆಗಾಲದಲ್ಲಿ ಅಲ್ಲಿಂದ ಹುತ್ತದ ಅಣಬೆ ತರುತ್ತಿದ್ದಳು. ಗೆದ್ದಲುಗಳೂ ಒಂದು ಬಗೆಯ ರೈತರೇ, ಮಕ್ಕಳೇ. ಒಣಗಿದ ಎಲೆ, ಕಟ್ಟಿಗೆಯ ಚೂರನ್ನು ಹುತ್ತದೊಳಗೆ ಒಯ್ದು, ಅದರ ಮೇಲೆ ಶಿಲೀಂಧ್ರ ಬೆಳೆಸಿ ತಿನ್ನುತ್ತವೆ. ಮಳೆ ಬಿದ್ದಾಗ ಅದೇ ಶಿಲೀಂಧ್ರ ಹುತ್ತದ ಮೇಲೆ ಛತ್ರಿಯಾಗಿ ಏಳುತ್ತದೆ. ಅಜ್ಜಿ ಮಾಡಿದ ಪಲ್ಯವನ್ನು ನಾನು ತಟ್ಟೆ ಬಳಿದು ತಿಂದೆ. ಯಾವುದು ತಿನ್ನುವಂಥದ್ದು, ಹೇಗೆ ಗುರುತಿಸುವುದು ಎಂದು ಒಮ್ಮೆಯೂ ಕೇಳಲಿಲ್ಲ. ಆ ವಿದ್ಯೆ ಆಕೆಯ ಜೊತೆಗೇ ಹೋಯಿತು.

ಊಹೆಯ ಮೇಲೆ ತಿನ್ನುವ ವಸ್ತು ಇದಲ್ಲ. ಹುಲ್ಲಿನಲ್ಲಿ ಏಳುವ ಒಂದು ದೊಡ್ಡ ಬಿಳಿ ಅಣಬೆ, ಬಲಿತ ಮೇಲೆ ಛತ್ರಿಯ ಕೆಳಗಿನ ಪದರುಗಳಲ್ಲಿ ಹಸಿರಾಗುತ್ತದೆ. ಅದನ್ನು ತಿಂದರೆ ವಾಂತಿ, ಭೇದಿ. ಇನ್ನು ಕೆಲವು ಯಕೃತ್ತನ್ನೇ ಕೆಡಿಸಿ ಪ್ರಾಣ ತೆಗೆಯುತ್ತವೆ. ಅವುಗಳ ವಿಷ ಕುದಿಸಿದರೂ ಹೋಗದು. ಆರು ತಾಸು ಕಳೆದ ಮೇಲೇ ಎಷ್ಟೋ ಸಲ ಗೊತ್ತಾಗುವುದು. ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ಒಳ್ಳೆಯ ಅಣಬೆ, ಹುಳ ತಿಂದಿದ್ದರೆ ಒಳ್ಳೆಯ ಅಣಬೆ ಎಂಬ ಮಾತುಗಳು ನಿಜವಲ್ಲ.

ಮೊಮ್ಮಗಳ ಮುಖ ಸಣ್ಣದಾಗಿದ್ದನ್ನು ಕಂಡು ನನ್ನ ತಮ್ಮನ ಸೊಸೆ ನಕ್ಕಳು. "ಮಾವಾರ, ಒಳಗ ಬರ್ರಿ. ನಮ್ಮನ್ಯಾಗನೂ ಅಣಬಿ ಅದಾವ."

ಕತ್ತಲೆ ಕೋಣೆಯಲ್ಲಿ ಪ್ಲಾಸ್ಟಿಕ್ ಚೀಲಗಳು ತೂಗುತ್ತಿದ್ದವು. ಬಣವೆಯ ಜೋಳದ ಕಣಿಕೆಯನ್ನು ಸಣ್ಣಗೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಬಿಸಿನೀರಿನಲ್ಲಿ ಬೇಯಿಸಿ, ನೀರು ಬಸಿದು, ಒಂದು ಪದರು ಕಣಿಕೆ, ಒಂದು ಪದರು ಅಣಬೆ ಬೀಜ ಎಂದು ತುಂಬಿದ್ದಳು. ಬೀಜ ಧಾರವಾಡದಿಂದ ತಂದದ್ದು. ಮೂರು ವಾರದೊಳಗೆ ಚೀಲ ಬೆಳ್ಳಗಾಗುತ್ತದೆ. ಆಮೇಲೆ ದಿನಾ ನೀರು ಚಿಮುಕಿಸಿದರೆ ಚಿಪ್ಪಿನಂಥ ಅಣಬೆಗಳು ಗೊಂಚಲಾಗಿ ಹೊರಬರುತ್ತವೆ. ಇದೇ ಚಿಪ್ಪು ಅಣಬೆ. ಮೊಮ್ಮಗಳು ತನ್ನ ಕೈಯಾರೆ ಒಂದು ಗೊಂಚಲು ಕಿತ್ತಳು.

ಪಲ್ಯ ಸರಳ. ಕಾದ ಎಣ್ಣೆಗೆ ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಹೆಚ್ಚಿದ ಉಳ್ಳಾಗಡ್ಡಿ. ಕೆಂಪಗಾದ ಮೇಲೆ ಸೀಳಿದ ಅಣಬೆ ಹಾಕಿ ಉರಿ ಜೋರು ಮಾಡಬೇಕು. ನೀರು ಹಾಕಬಾರದು, ಅಣಬೆಯೇ ನೀರು ಬಿಡುತ್ತದೆ. ಅದು ಇಂಗಿದ ಮೇಲೆ ಅರಿಶಿನ, ಉಪ್ಪು, ಮಸಾಲೆ ಖಾರ. ಕೊನೆಗೆ ಒಂದು ಮುಷ್ಟಿ ಶೇಂಗಾ ಪುಡಿ. ಬಿಸಿ ಜೋಳದ ರೊಟ್ಟಿ ಜೊತೆ ಮೊಮ್ಮಗಳು ಎರಡು ಸಲ ಹಾಕಿಸಿಕೊಂಡಳು. ನಾನು ಮೂರು ಸಲ!

ಊಟವಾದ ಮೇಲೆ ಆಕೆ ನೋಟ್‌ಬುಕ್ ತೆಗೆದು, ಚೀಲ ತುಂಬುವುದರಿಂದ ಪಲ್ಯದವರೆಗೆ ಎಲ್ಲ ಕೇಳಿ ಬರೆದುಕೊಂಡಳು. ನಾನು ಆ ವಯಸ್ಸಿನಲ್ಲಿ ಮಾಡಬೇಕಿದ್ದ ಕೆಲಸ ಅದು.

ಮಕ್ಕಳೇ, ಗುರುತಿಲ್ಲದ ಅಣಬೆಯನ್ನು ಬಾಯಿಗೆ ಹಾಕಬೇಡಿ. ಆದರೆ ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಇವತ್ತೇ ಪಕ್ಕದಲ್ಲಿ ಕುಳಿತು, ಅವರಿಗೆ ಗೊತ್ತಿರುವ ಒಂದು ಅಡುಗೆಯನ್ನಾದರೂ ಕೇಳಿ ಬರೆದಿಡಿ.