ಮುಂಬಯಿಯಿಂದ ಮಂಗಳೂರು ಎಷ್ಟು ದೂರ?

"ನಿಮ್ಮ ಊರು ಎಷ್ಟು ದೂರ?" ಎಂದು ಯಾರಾದರೂ ಕೇಳಿದರೆ ಮುಂಬಯಿಯಲ್ಲೇ ಹುಟ್ಟಿ ಬೆಳೆದ ನೀವು ಥಟ್ಟನೆ ಹೇಳುತ್ತೀರಿ, "ಫ್ಲೈಟಿನಲ್ಲಿ ಒಂದೂವರೆ ಗಂಟೆ" ಎಂದು. ಉತ್ತರ ತಪ್ಪಲ್ಲ. ಆದರೆ ಅದು ಹೊತ್ತಿನ ಲೆಕ್ಕ. ದೂರದ ಲೆಕ್ಕವನ್ನೂ ಒಮ್ಮೆ ಹಾಕೋಣ, ಬನ್ನಿ.

ಶಾಲೆಯ ಅಟ್ಲಾಸ್ ಬಿಡಿಸಿ. ಮುಂಬಯಿ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಮಂಗಳೂರು 13ರ ಹತ್ತಿರ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ದಕ್ಷಿಣಕ್ಕೆ ಆರು ಡಿಗ್ರಿ ಇಳಿದು, ಪೂರ್ವಕ್ಕೆ ಎರಡು ಡಿಗ್ರಿ ಸರಿದರೆ ನೇರ ಗೆರೆ 700 ಕಿ.ಮೀ.ಗೆ ತುಸು ಮೇಲೆ. ರಸ್ತೆಯಲ್ಲಾದರೆ ಗುಡ್ಡ, ಘಾಟಿ, ಹೊಳೆಗಳನ್ನು ಸುತ್ತಿಬಳಸಿ 900ರ ಆಸುಪಾಸು.

ಗಂಟೆಗೆ 800 ಕಿ.ಮೀ. ಹಾರಬಲ್ಲ ಜೆಟ್ ವಿಮಾನಕ್ಕೆ ಮತ್ತೆ ಒಂದೂವರೆ ಗಂಟೆ ಏಕೆ? ವೇಳಾಪಟ್ಟಿ ಎಣಿಸುವುದು ಹಾರಾಟವನ್ನು ಮಾತ್ರವಲ್ಲ. ವಿಮಾನ ಇಲ್ಲಿ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಹೊತ್ತು ಅದು. ರನ್‌ವೇಗಾಗಿ ಸರದಿ ಕಾಯುವುದು, ಮೇಲೇರುವುದು, ನಿಧಾನವಾಗಿ ಇಳಿಯುವುದು ಎಲ್ಲವೂ ಅದರಲ್ಲಿ ಸೇರಿದೆ. ಡೊಂಬಿವಲಿಯಿಂದ ವಿಮಾನ ನಿಲ್ದಾಣ ಮುಟ್ಟುವುದು, ಅಲ್ಲಿಯ ತಪಾಸಣೆ, ಬಜ್ಪೆಯಿಂದ ಹಳ್ಳಿಯ ದಾರಿ ಇವನ್ನೂ ಕೂಡಿಸಿದರೆ ಮನೆಯಿಂದ ಮನೆಗೆ ಏಳೆಂಟು ಗಂಟೆ ಹಿಡಿಯುತ್ತದೆ.

ಬಜ್ಪೆಯಲ್ಲಿ ವಿಮಾನ ಇಳಿಯಲು ತೊಡಗಿದ್ದು 1951ರಲ್ಲಿ. ಗುಡ್ಡದ ನೆತ್ತಿಯ ಆ ನಿಲ್ದಾಣಕ್ಕೆ 2,450 ಮೀಟರಿನ ಹೊಸ ರನ್‌ವೇ ಬಂದದ್ದು 2006ರಲ್ಲಿ. ಆದರೆ ನಮ್ಮಂಥ ಸಾಮಾನ್ಯರಿಗೆ ಊರನ್ನು ಹತ್ತಿರ ಮಾಡಿದ್ದು ಕೊಂಕಣ ರೈಲು. 1998ರ ಜನವರಿಯಲ್ಲಿ ರೋಹಾದಿಂದ ತೋಕೂರಿನವರೆಗಿನ 741 ಕಿ.ಮೀ. ಹಳಿ ಪೂರ್ತಿ ತೆರೆಯಿತು. ಅದಕ್ಕೆ ಮುಂಚೆ ನಿಮ್ಮ ಅಪ್ಪ ಅಮ್ಮ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ ಕುಳಿತು, ಕಾಲು ಬಾತುಕೊಂಡು ಊರಿಗೆ ಇಳಿಯುತ್ತಿದ್ದರು. ಹಾಗಿದ್ದೂ ಮೇ ತಿಂಗಳು ಬಂತೆಂದರೆ ಹೊರಟೇಬಿಡುತ್ತಿದ್ದರು, ಹೋದರೆ ತಿಂಗಳು ಇರುತ್ತಿದ್ದರು.

ಈಗ ಹೊತ್ತು ಇಳಿದಿದೆ. ಹೋಗುವುದು ಹೆಚ್ಚಾಗಿದೆಯೇ? ಶನಿವಾರ ಮದುವೆಗೆ ಬಂದು ಆದಿತ್ಯವಾರ ಹಿಂದಿರುಗುವವರೇ ಹೆಚ್ಚು. ನೀವು ಎಷ್ಟು ಬೇಗ ತಲುಪಿದಿರಿ ಎಂದು ಅಜ್ಜಿ ಕೇಳುವುದಿಲ್ಲ. "ಎಷ್ಟು ದಿನ ಇರ್ತಿ ಮಗಾ?" ಎಂದೇ ಆಕೆಯ ಮೊದಲ ಪ್ರಶ್ನೆ. ಆ ಪ್ರಶ್ನೆ ಕೇಳುವವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ, ಹಳ್ಳಿಯ ಮನೆಗಳಿಗೆ ಬೀಗ ಬೀಳುತ್ತಿದೆ.

ಅದಕ್ಕೇ ಒಂದು ಮಾತು. ಮುಂದಿನ ರಜೆಯಲ್ಲಿ ಬರುವಾಗ ಬೇಕಾದರೆ ಹಾರಿ ಬನ್ನಿ, ಹೋಗುವಾಗ ಮಾತ್ರ ರಾತ್ರಿ ಹೊರಡುವ ರೈಲು ಹಿಡಿಯಿರಿ. ಬೆಳಗಾದ ಮೇಲೆ ಕಿಟಕಿಯ ಪಕ್ಕ ಕುಳಿತರೆ ಕಾಳಿ, ಗಂಗಾವಳಿ, ಅಘನಾಶಿನಿ ಒಂದೊಂದಾಗಿ ಎದುರಾಗುತ್ತವೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆಯೇ ಎರಡು ಕಿ.ಮೀ. ಉದ್ದ. ಚಹಾ ಮಾರುವವರ ದನಿಯೂ ಬದಲಾಗುತ್ತದೆ: ಮರಾಠಿ, ಕೊಂಕಣಿ, ಕನ್ನಡ, ಉಡುಪಿ ಬಂದರೆ ತುಳು. ಈ ನಾಲ್ಕು ಭಾಷೆಯ ನೆಲವನ್ನು ದಾಟಿ ನಿಮ್ಮ ಹಿರಿಯರು ಮುಂಬಯಿಗೆ ಬಂದರು ಎಂಬುದು ಮೋಡದ ಮೇಲಿಂದ ತಿಳಿಯುವುದಿಲ್ಲ.

ರೈಲಿನ ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ, ಮೇ ತಿಂಗಳ ಟಿಕೇಟುಗಳು ಬೇಗ ಮುಗಿಯುತ್ತವೆ. ಮಳೆಗಾಲದ ವೇಳಾಪಟ್ಟಿ ಬೇರೆ, ಆಗ ಗಾಡಿಗಳು ನಿಧಾನ. ಟಿಕೇಟು ಸಿಕ್ಕ ಕೂಡಲೇ ಅಜ್ಜಿಗೆ ಫೋನು ಮಾಡಿ, ಎಷ್ಟು ದಿನ ಇರುತ್ತೀರೆಂದು ನೀವೇ ಮೊದಲು ಹೇಳಿಬಿಡಿ.