ಅಠಾರ ಕಚೇರಿಯಿಂದ ಎಲೆಕ್ಟ್ರಾನಿಕ್ಸ್ ಸಿಟಿಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ‘ಕಚೇರಿ ಕಟ್ಟಿ ನೋಡು’ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಅಂದು ಇರಲಿಲ್ಲ. ಊರಿನ ಶಾನುಭೋಗರ ಕಚೇರಿ ಎಂದರೆ ಅವರ ಮನೆಯ ಜಗಲಿ. ಕೂರಲು ಒಂದು ಚಾಪೆ, ಒರಗಲು ಒಂದು ಕಂಬ, ಲೆಕ್ಕದ ಪುಸ್ತಕ ಇಡಲು ಒಂದು ಪೆಟ್ಟಿಗೆ. ತಲೆಯ ಮೇಲೆ ಸೂರಿನ ನೆರಳು, ಎದುರಿನಿಂದ ಬೆಳಕು, ಮೂರು ಕಡೆಯಿಂದ ಗಾಳಿ. ಮನೆಯಿಂದ ಕಚೇರಿಗೆ ಹತ್ತು ಹೆಜ್ಜೆ!

ಇಂದು ನಮ್ಮ ಮಕ್ಕಳು ದುಡಿಯುವ ಕಚೇರಿಗಳು ಬೇರೆಯೇ ಬಗೆಯವು. ಮಗನಿಗೋ ಮಗಳಿಗೋ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತೆಂದರೆ ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ ‘ಸಂಬಳ ಎಷ್ಟು?’ ಎಂಬುದು. ‘ಕಚೇರಿ ಎಲ್ಲಿದೆ? ಒಳಗೆ ಗಾಳಿ ಬೆಳಕು ಹೇಗಿದೆ?’ ಎಂದು ಕೇಳುವವರು ವಿರಳ. ಎಚ್ಚರವಾಗಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚನ್ನು ಕಳೆಯುವ ಜಾಗದ ಬಗ್ಗೆ ಇಷ್ಟು ಉದಾಸೀನ ಸರಿಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಬೆಂಗಳೂರಿಗಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ. ಏಕೆಂದರೆ ಈ ಊರು ಬೆಳೆದದ್ದೇ ಕಚೇರಿಗಳು ಜಾಗ ಬದಲಿಸಿದ್ದರಿಂದ.

ಅರಮನೆಯೊಳಗೊಂದು ಕಚೇರಿ

1831ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಆಡಳಿತದ ಕಚೇರಿ ಬೆಂಗಳೂರಿಗೆ ಬಂತು. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಊರಿನ ತಂಪು ಹವೆ ಅವರಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಕಚೇರಿಗೆಂದು ಕಟ್ಟಿದ ಕಟ್ಟಡ ಎಲ್ಲಿತ್ತು? ಕೋಟೆಯೊಳಗಿನ ಟಿಪ್ಪುವಿನ ಬೇಸಿಗೆ ಅರಮನೆಯಲ್ಲೇ ಗುಮಾಸ್ತರು ಮೇಜು ಹಾಕಿಕೊಂಡರು. ಇಂದಿಗೂ ಕೃಷ್ಣರಾಜ ಮಾರುಕಟ್ಟೆಯ ಬಳಿ ಆ ಅರಮನೆಯನ್ನು ನೋಡಬಹುದು. ಮರದ ಕಂಬಗಳು, ಕೊರೆದ ಕಮಾನುಗಳು, ಮಹಡಿಯ ಮೊಗಸಾಲೆಗಳು, ಎಲ್ಲವೂ ಚೆಲುವು. ಆದರೆ ರಾಜರ ವಿರಾಮಕ್ಕೆ ಕಟ್ಟಿದ ಮನೆ ಕಡತಗಳಿಗೆ ಹೊಂದೀತೆ? ಇಲಾಖೆಗಳು ಬೆಳೆದಂತೆ ಜಾಗ ಸಾಲದಾಯಿತು.

1868ರಲ್ಲಿ ಕಚೇರಿ ಮತ್ತೆ ಗಂಟುಮೂಟೆ ಕಟ್ಟಿತು. ಕಬ್ಬನ್ ಪಾರ್ಕಿನ ಅಂಚಿನಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ ಕೆಂಪು ಕಟ್ಟಡಕ್ಕೆ ಹದಿನೆಂಟು ಇಲಾಖೆಗಳು ಬಂದು ಸೇರಿದವು. ಹಿಂದೂಸ್ತಾನಿಯಲ್ಲಿ ಹದಿನೆಂಟಕ್ಕೆ ‘ಅಠಾರಹ್’. ಹಾಗಾಗಿ ಜನರ ಬಾಯಲ್ಲಿ ಅದು ಅಠಾರ ಕಚೇರಿ. ಇಂದು ಅಲ್ಲಿ ಉಚ್ಚ ನ್ಯಾಯಾಲಯವಿದೆ.

ಈ ಕಟ್ಟಡವನ್ನು ಉದ್ಯಾನದ ಕಡೆಯಿಂದ ಹತ್ತು ನಿಮಿಷ ಸುಮ್ಮನೆ ನಿಂತು ನೋಡಬೇಕು. ಕಂಬಗಳ ಸಾಲು ಬರೀ ಅಂದಕ್ಕಲ್ಲ. ಕಂಬಗಳ ಹಿಂದೆ ಆಳವಾದ ಮೊಗಸಾಲೆ, ಅದರ ಹಿಂದೆ ಕೊಠಡಿ. ಬಿಸಿಲು ಮೊಗಸಾಲೆಯಲ್ಲೇ ನಿಂತುಬಿಡುತ್ತದೆ. ಒಳಗೆ ಹೋಗುವುದು ಬೆಳಕು ಮಾತ್ರ. ಎತ್ತರದ ಚಾವಣಿಯ ಗುಟ್ಟು ನಮ್ಮ ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತು. ಕಾದ ಗಾಳಿ ಹಗುರವಾಗಿ ಮೇಲೇರುತ್ತದೆ, ಕೂತವರ ತಲೆಯ ಮಟ್ಟದಲ್ಲಿ ತಂಪು ಗಾಳಿ ಉಳಿಯುತ್ತದೆ. ದಪ್ಪ ಗೋಡೆ ಹಗಲಿನ ಶಾಖವನ್ನು ನಿಧಾನವಾಗಿ ಹೀರಿಕೊಂಡು, ಒಳಗಿನವರಿಗೆ ಅದು ತಲುಪುವ ಹೊತ್ತಿಗೆ ಸಂಜೆ ಮಾಡಿಬಿಡುತ್ತದೆ. ಗುಮಾಸ್ತರು ಮನೆಗೆ ಹೋದ ಮೇಲೆ ಗೋಡೆ ಬಿಸಿಯಾದರೇನು, ಬಿಟ್ಟರೇನು! ವಿದ್ಯುತ್ತಿಲ್ಲದ ಕಾಲದಲ್ಲಿ ಭೌತಶಾಸ್ತ್ರವೇ ಫ್ಯಾನು, ಭೌತಶಾಸ್ತ್ರವೇ ದೀಪ.

ರಸ್ತೆಯ ಆಚೆ ಇರುವ ವಿಧಾನಸೌಧ ಮೂರನೆಯ ಸ್ಥಳಾಂತರದ ಗುರುತು. ಕೆಂಗಲ್ ಹನುಮಂತಯ್ಯನವರ ಕನಸಿನ ಈ ಕಟ್ಟಡಕ್ಕೆ 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದರು. 1956ರಲ್ಲಿ ಕೆಲಸ ಮುಗಿಯಿತು. 700 ಅಡಿ ಉದ್ದ, 350 ಅಡಿ ಅಗಲದ ಇಷ್ಟು ದೊಡ್ಡ ಕಟ್ಟಡದ ನಡುವಿನ ಕೊಠಡಿಗಳಿಗೆ ಬೆಳಕು ಎಲ್ಲಿಂದ? ಹೊರಗಿನಿಂದ ನೋಡುವವರಿಗೆ ಕಾಣದ ಉತ್ತರ ಒಳಗಿದೆ: ಎರಡು ದೊಡ್ಡ ತೆರೆದ ಅಂಗಳಗಳು. ನಮ್ಮ ತೊಟ್ಟಿಮನೆಯ ಉಪಾಯವೇ ಇದು, ಅಳತೆ ಮಾತ್ರ ಸರ್ಕಾರದ್ದು!

ಊರ ಹೊರಗಿನ ಹೊಸ ಕಚೇರಿ

ಮುಂದಿನ ಕಥೆ ಖಾಸಗಿ ಕಚೇರಿಗಳದು. ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರು 1970ರ ದಶಕದಲ್ಲಿ ಕೋಣಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಕಂಡರು. ಊರಿನಿಂದ ಅಷ್ಟು ದೂರ ಯಾರು ಹೋದಾರು ಎಂಬ ಸಂದೇಹ ಆಗ ಸಹಜವೇ. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆಯಿತು. ಒಂದು ದೂರವಾಣಿಗೆ ವರ್ಷಗಟ್ಟಲೆ ಕಾಯುವ ಕಾಲ ಅದು. ಹಾಗಾಗಿ ಆ ಕಂಪನಿ ಉಪಗ್ರಹದ ಮೂಲಕವೇ ಸಂಪರ್ಕ ಸಾಧಿಸಿತು. ಅದರ ದೊಡ್ಡ ಆಂಟೆನಾ ಎತ್ತಿನಗಾಡಿಯ ಮೇಲೆ ಬಂದದ್ದು ಈಗ ಊರಿನ ಐತಿಹ್ಯದ ಭಾಗ.

1981ರ ಜನಗಣತಿಯಲ್ಲಿ ಸುಮಾರು 29 ಲಕ್ಷವಿದ್ದ ಜನಸಂಖ್ಯೆ 2011ರಲ್ಲಿ 85 ಲಕ್ಷಕ್ಕೆ ಮುಟ್ಟಿತು. ಮೂವತ್ತು ವರ್ಷಗಳಲ್ಲಿ ಊರು ಹತ್ತಿರ ಹತ್ತಿರ ಮೂರು ಪಟ್ಟಾಯಿತು. 1882ರಲ್ಲಿ ಆಂಗ್ಲೋ ಇಂಡಿಯನ್ನರ ಬೇಸಾಯದ ಊರಾಗಿ ಹುಟ್ಟಿದ ವೈಟ್‌ಫೀಲ್ಡ್‌ನಲ್ಲಿ 1990ರ ದಶಕದಲ್ಲಿ ಟೆಕ್ ಪಾರ್ಕ್ ಎದ್ದಿತು. ಹೊರವರ್ತುಲ ರಸ್ತೆಯ ಉದ್ದಕ್ಕೂ ಗಾಜಿನ ಕಟ್ಟಡಗಳು ಸಾಲುಗಟ್ಟಿದವು.

ಗಾಜಿನ ಮನೆಯ ಕಷ್ಟ

ಗಾಜಿನ ಗೋಡೆ ಚಳಿನಾಡಿನಿಂದ ಬಂದ ಅತಿಥಿ. ಸೂರ್ಯನ ಬೆಳಕನ್ನು ಅದು ಒಳಗೆ ಬಿಡುತ್ತದೆ. ಬೆಳಕು ಬಿದ್ದು ಬಿಸಿಯಾದ ಮೇಜು, ನೆಲ, ಗೋಡೆಗಳು ಹೊರಸೂಸುವ ದೀರ್ಘ ತರಂಗದ ಶಾಖವನ್ನು ಮಾತ್ರ ಹೊರಗೆ ಬಿಡುವುದಿಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ. ಚಳಿನಾಡಿನಲ್ಲಿ ಇದು ವರ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ, ಅದರಲ್ಲೂ ಪಶ್ಚಿಮದ ಗೋಡೆ ಗಾಜಿನದಾದರೆ, ಸಂಜೆ ನಾಲ್ಕರ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತದೆ. ಆಗ ಏನಾಗುತ್ತದೆ? ಪರದೆ ಎಳೆಯುತ್ತಾರೆ, ದೀಪ ಹಾಕುತ್ತಾರೆ, ಹವಾನಿಯಂತ್ರಣ ಜೋರು ಮಾಡುತ್ತಾರೆ. ಹೊರಗೆ ಸುಮಾರು ಒಂದು ಲಕ್ಷ ಲಕ್ಸ್ ಬೆಳಕು ಸುರಿಯುತ್ತಿರುತ್ತದೆ; ಓದಿ ಬರೆಯಲು ಬೇಕಾದ್ದು ಮುನ್ನೂರರಿಂದ ಐನೂರು ಲಕ್ಸ್. ಅದಕ್ಕೂ ವಿದ್ಯುತ್ ಬಿಲ್ಲು!

ಇನ್ನು ಗಾಳಿ. ಸುಮ್ಮನೆ ಕೂತ ಮನುಷ್ಯನೊಬ್ಬ ಸುಮಾರು ನೂರು ವ್ಯಾಟ್ ಶಾಖ ಹೊರಬಿಡುತ್ತಾನೆ. ಇಪ್ಪತ್ತು ಜನ ಸಭೆ ಸೇರಿದರೆ ನೀರು ಕಾಯಿಸುವ ಸಾವಿರ ವ್ಯಾಟಿನ ಎರಡು ಕಾಯಿಲ್‌ಗಳನ್ನು ಕೋಣೆಯಲ್ಲಿ ಉರಿಸಿದಂತೆ. ಜೊತೆಗೆ ಉಸಿರು. ಹೊರಗಿನ ಗಾಳಿಯಲ್ಲಿ ಇಂದು ಇಂಗಾಲದ ಡೈ ಆಕ್ಸೈಡ್ ಹತ್ತು ಲಕ್ಷದಲ್ಲಿ ಸುಮಾರು 420 ಭಾಗ. ಕಿಟಕಿ ತೆರೆಯದ ಸಭಾಕೋಣೆಯಲ್ಲಿ ಅದು ಸಾವಿರವನ್ನು ಸುಲಭವಾಗಿ ದಾಟುತ್ತದೆ. 2012ರಲ್ಲಿ ಅಮೆರಿಕದ ವಿಜ್ಞಾನಿಗಳು 22 ಜನರನ್ನು 600, 1000 ಹಾಗೂ 2500 ಭಾಗಗಳ ಗಾಳಿಯಲ್ಲಿ ಕೂರಿಸಿ ಪರೀಕ್ಷಿಸಿದಾಗ, ಪ್ರಮಾಣ ಏರಿದಂತೆ ನಿರ್ಧಾರ ಮಾಡುವ ಶಕ್ತಿ ಕುಂದಿದ್ದು ಕಂಡುಬಂತು. ಆಮೇಲಿನ ಎಲ್ಲ ಪರೀಕ್ಷೆಗಳೂ ಇದನ್ನೇ ಹೇಳಿಲ್ಲ ಎಂಬುದೂ ನಿಜ. ಆದರೆ ಮಧ್ಯಾಹ್ನದ ಸಭೆಯಲ್ಲಿ ಬರುವ ಆಕಳಿಕೆಗೆ ಊಟವನ್ನಷ್ಟೇ ದೂರುವುದು ನ್ಯಾಯವಲ್ಲ.

ದೊಮ್ಮಲೂರಿನ ಕಪ್ಪು ಗೋಡೆ

ಹಾಗಾದರೆ ಇಕ್ಕಟ್ಟಿನ ಊರಿನಲ್ಲಿ ಒಳ್ಳೆಯ ಕಚೇರಿ ಕಟ್ಟುವುದು ಸಾಧ್ಯವೇ ಇಲ್ಲವೇ? ದೊಮ್ಮಲೂರಿನ ಟೆರಿ ಸಂಸ್ಥೆಯ ಕಚೇರಿ ಇದಕ್ಕೆ ಒಳ್ಳೆಯ ಉತ್ತರ. ಅದರ ನಿವೇಶನ ಯಾರಿಗೂ ಬೇಡವೆನಿಸುವಂಥದು. ದಕ್ಷಿಣಕ್ಕೆ ನಾರುವ ದೊಡ್ಡ ಚರಂಡಿ. ಗಾಳಿ ಬೀಸುವುದೂ ಆ ಕಡೆಯಿಂದಲೇ. ಕಿಟಕಿ ಇಟ್ಟರೆ ದುರ್ನಾತ, ಇಡದಿದ್ದರೆ ಸೆಕೆ. ವಾಸ್ತುಶಿಲ್ಪಿ ಸಂಜಯ್ ಮೋಹೆ ಬಿಸಿಲನ್ನೇ ಕೆಲಸಕ್ಕೆ ಹಚ್ಚಿದರು.

ದಕ್ಷಿಣದ ಗೋಡೆಯನ್ನು ಅವರು ಮುಚ್ಚಿ, ಅದನ್ನು ಎರಡು ಪದರವಾಗಿ ಕಟ್ಟಿಸಿ, ನಡುವೆ ಪೊಳ್ಳು ಬಿಟ್ಟರು. ಹೊರಪದರಕ್ಕೆ ಕಪ್ಪು ಕಡಪ ಕಲ್ಲು. ಕಪ್ಪು ಬಣ್ಣ ಶಾಖವನ್ನು ಹೆಚ್ಚು ಹೀರುತ್ತದೆಯಷ್ಟೆ? ಬಿಸಿಲಿಗೆ ಕಲ್ಲು ಕಾಯುತ್ತದೆ, ಪೊಳ್ಳಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಖಾಲಿಯಾದ ಜಾಗ ತುಂಬಲು ಕಚೇರಿಯೊಳಗಿನ ಗಾಳಿ ಆ ಕಡೆಗೆ ಸರಿಯುತ್ತದೆ. ಅದರ ಜಾಗಕ್ಕೆ ಉತ್ತರದ ತೆರೆದ ಮುಖದಿಂದ ಶುದ್ಧ ಗಾಳಿ ಬರುತ್ತದೆ. ನಮ್ಮ ಅಡುಗೆಮನೆಯ ಹೊಗೆಗೂಡು ಮಾಡುತ್ತಿದ್ದುದೂ ಇದೇ ಕೆಲಸ. ಬಿಸಿಲು ಹೆಚ್ಚಿದಷ್ಟೂ ಗಾಳಿಯ ಓಟ ಹೆಚ್ಚು. ಅಂದರೆ ಬೇಕಾದಾಗಲೇ ಗಾಳಿ ಬೀಸುತ್ತದೆ! ಉತ್ತರದ ಕಿಟಕಿಗಳಿಂದಲೂ ಚಾವಣಿಯ ಗಾಜಿನ ಕಂಡಿಗಳಿಂದಲೂ ಕಣ್ಣು ಕುಕ್ಕದ ಬೆಳಕು ಇಳಿಯುತ್ತದೆ. ನಿವೇಶನದ ದೋಷವನ್ನೇ ಗುಣವಾಗಿ ಮಾಡಿಕೊಂಡ ಈ ಕಟ್ಟಡದ ಮುಂದೆ ನಿಂತಾಗ, ಸಂವಹನ ಎಂಬ ಒಣ ಪಾಠಕ್ಕೆ ಜೀವ ಬಂದಂತೆ ಭಾಸವಾಗುತ್ತದೆ.

ದೊಡ್ಡ ಕಂಪನಿಗಳೂ ಕಲಿಯುತ್ತಿವೆ. ಬೆಂಗಳೂರಿನ ಇನ್ಫೋಸಿಸ್ ಹೈದರಾಬಾದಿನ ತನ್ನ ಆವರಣದಲ್ಲಿ ಒಂದು ಕಟ್ಟಡವನ್ನೇ ಪ್ರಯೋಗಶಾಲೆ ಮಾಡಿತು. ಅರ್ಧ ಕಟ್ಟಡಕ್ಕೆ ಎಂದಿನ ಹವಾನಿಯಂತ್ರಣ. ಇನ್ನರ್ಧದ ಕಾಂಕ್ರೀಟ್ ಚಪ್ಪಡಿಯೊಳಗೆ ತಣ್ಣೀರಿನ ಕೊಳವೆಗಳು. ಒಂದೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹೊರಬಲ್ಲದು. ತಂಪಾದ ಚಾವಣಿ ನಮ್ಮ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಕಲ್ಲಿನ ದೇವಸ್ಥಾನದೊಳಗೆ ಕಾಲಿಟ್ಟಾಗಿನ ತಂಪಿನ ಹಾಗೆ. ಎರಡು ವರ್ಷ ಅಳೆದಾಗ ಆ ಭಾಗಕ್ಕೆ ತಗುಲಿದ ವಿದ್ಯುತ್ತು ಸುಮಾರು ಮೂರನೇ ಒಂದರಷ್ಟು ಕಡಿಮೆ. ಇದು ನಿಜವಾದ ವಿಜ್ಞಾನದ ರೀತಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಒಂದನ್ನು ಮಾತ್ರ ಬದಲಿಸಿ, ಅಳೆದು ನೋಡುವುದು.

ಗೋಡೆಯ ಹೊರಗಿನ ಲೆಕ್ಕ

ಆದರೆ ಎಷ್ಟೇ ಒಳ್ಳೆಯ ಕಚೇರಿಯಾದರೂ ತಲುಪಬೇಕಲ್ಲ! ಸುಲಭದ ಲೆಕ್ಕವೊಂದನ್ನು ಮಾಡೋಣ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಎಂದುಕೊಳ್ಳಿ. ವರ್ಷಕ್ಕೆ 230 ಕೆಲಸದ ದಿನಗಳಿಗೆ 690 ಗಂಟೆ. ಅಂದರೆ ಹಗಲು ರಾತ್ರಿ ಸೇರಿ ಸುಮಾರು 29 ದಿನ. ವರ್ಷದಲ್ಲೊಂದು ತಿಂಗಳು ಬಸ್ಸಿನಲ್ಲೋ ಕಾರಿನಲ್ಲೋ ಕಳೆದುಹೋಯಿತು! ಊರಿಗೆ ಬಂದು ಅಪ್ಪ ಅಮ್ಮನ ಜೊತೆ ಇರಲು ಮಕ್ಕಳಿಗೆ ರಜೆ ಸಿಗುವುದಿಲ್ಲ ಎನ್ನುತ್ತೇವೆ. ಆ ರಜೆ ರಸ್ತೆಯ ಮೇಲೆ ಚೆಲ್ಲಿಹೋಗಿರುತ್ತದೆ.

ಕಚೇರಿ ಊರ ಹೊರಗೆ ಹೋದಾಗ ಮೊದಲು ರಸ್ತೆ, ಆಮೇಲೆ ಮೇಲ್ಸೇತುವೆ, ಕೊನೆಗೆ ರೈಲು ಎಂಬ ಕ್ರಮ ಬೆಂಗಳೂರಿನದು. ಎಲೆಕ್ಟ್ರಾನಿಕ್ಸ್ ಸಿಟಿಗೆ ಮೇಲ್ಸೇತುವೆ ಬಂದದ್ದು 2010ರಲ್ಲಿ. ವೈಟ್‌ಫೀಲ್ಡ್‌ಗೆ ಮೆಟ್ರೊ 2023ರಲ್ಲಿ, ಎಲೆಕ್ಟ್ರಾನಿಕ್ಸ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ 2025ರಲ್ಲಿ. ಕ್ರಮ ತಲೆಕೆಳಗಾಗಿದ್ದಿದ್ದರೆ ಎಷ್ಟು ಸಾವಿರ ಜನರ ಎಷ್ಟು ತಿಂಗಳುಗಳು ಉಳಿಯುತ್ತಿದ್ದವೋ! 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರಿನ ಸುತ್ತಲ ಕಚೇರಿಗಳ ಮುಂದೆ ಟ್ರ್ಯಾಕ್ಟರಿನಲ್ಲಿ ನೌಕರರನ್ನು ಸಾಗಿಸಿದ್ದನ್ನೂ ನಾವು ನೋಡಿದೆವು. ಕೆರೆಯಿಂದ ಕೆರೆಗೆ ನೀರು ಹರಿಯುವ ದಾರಿಯಲ್ಲಿ ಕಟ್ಟಡ ಕಟ್ಟಿದರೆ ನೀರು ತನ್ನ ಹಳೆಯ ವಿಳಾಸ ಮರೆಯುವುದಿಲ್ಲ. ಕಚೇರಿಯ ವಿನ್ಯಾಸ ಮೇಜು ಕುರ್ಚಿಯಿಂದ ಆರಂಭವಾಗುವುದಿಲ್ಲ, ನೆಲದ ಇಳಿಜಾರಿನಿಂದ ಆರಂಭವಾಗುತ್ತದೆ.

ಒಂದು ದಿನದ ಪ್ರವಾಸ

ವಿದ್ಯಾರ್ಥಿಗಳು ಇವನ್ನೆಲ್ಲ ಒಂದೇ ದಿನದಲ್ಲಿ ನೋಡಬಹುದು. ಬೆಳಿಗ್ಗೆ ಕೃಷ್ಣರಾಜ ಮಾರುಕಟ್ಟೆಯಲ್ಲಿಳಿದು ಟಿಪ್ಪು ಅರಮನೆ. ಅಲ್ಲಿಂದ ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ವಿಧಾನಸೌಧ ನಿಲ್ದಾಣ. ಅಠಾರ ಕಚೇರಿ ನೋಡಿ, ಕಬ್ಬನ್ ಪಾರ್ಕಿನ ನೆರಳಿನಲ್ಲಿ ಬುತ್ತಿ ಬಿಚ್ಚಬಹುದು. ಮಧ್ಯಾಹ್ನ ಆರ್.ವಿ. ರಸ್ತೆಯ ಮೂಲಕ ಎಲೆಕ್ಟ್ರಾನಿಕ್ಸ್ ಸಿಟಿ. ರೈಲಿನಿಂದ ಕಾಣುವ ಕಟ್ಟಡಗಳಲ್ಲಿ ಯಾವುವು ಪಶ್ಚಿಮಕ್ಕೆ ಗಾಜು ತೋರಿಸುತ್ತಿವೆ, ಯಾವುವಕ್ಕೆ ಸಜ್ಜಾ ಇದೆ ಎಂದು ಎಣಿಸುತ್ತ ಹೋಗಿ. ಜೇಬಿನಲ್ಲೊಂದು ದಿಕ್ಸೂಚಿ ಸಾಕು.

ಪ್ರವಾಸ ಸಾಧ್ಯವಾಗದಿದ್ದರೆ ನಿಮ್ಮ ತರಗತಿಯೇ ಒಂದು ಕಚೇರಿ. ಕೋಣೆಯ ನಡುವೆ ಒಂದು ಊದುಬತ್ತಿ ಹಚ್ಚಿ. ಹೊಗೆ ಯಾವ ಕಡೆ ಹೋಗುತ್ತದೆ? ಎದುರಿನ ಕಿಟಕಿ ತೆರೆದಾಗ ಏನಾಗುತ್ತದೆ? ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲಿ ಬೀಳುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಹಾಗೂ ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಅವೆರಡರ ನಡುವೆ ನಡುಹಗಲಿನ ಬಿಸಿಲು ಉತ್ತರದಿಂದ ಬರುತ್ತದೆ, ಉಳಿದ ಕಾಲದಲ್ಲಿ ದಕ್ಷಿಣದಿಂದ. ಇಷ್ಟು ತಿಳಿದರೆ ಬೆಂಚುಗಳನ್ನು ಎಲ್ಲಿ ಹಾಕಬೇಕು, ಯಾವ ಕಡೆ ಮರ ನೆಡಬೇಕು ಎಂದು ಯಾರನ್ನೂ ಕೇಳಬೇಕಿಲ್ಲ.

ತಂದೆತಾಯಿಗಳಿಗೂ ಒಂದು ಮಾತು. ನಾಳೆ ಮಗಳು ಕೆಲಸದ ಆದೇಶಪತ್ರ ತಂದು ತೋರಿಸಿದಾಗ ಸಂಬಳದ ಅಂಕಿಯನ್ನು ಖಂಡಿತ ನೋಡಿ. ಅದರ ಕೆಳಗಿರುವ ವಿಳಾಸವನ್ನೂ ಒಮ್ಮೆ ನಿಧಾನವಾಗಿ ಓದಿ.